ಗುರುಮೂರ್ತಿಯವರ ಎರಡು ಅವಧಿ

ಗುರುಮೂರ್ತಿ ನಮ್ಮ ಜುರಾಂಗ್ ಕನ್ನಡ ಬಳಗದ ಅಧ್ಯಕ್ಷರಾದದ್ದು ೧೯೯೯ರಲ್ಲಿ, ಅದೂ ಊಟ ಮುಗಿಸಿ ಕೈ ತೊಳೆಯಲು ಎದ್ದು ಹೋಗಿದ್ದಾಗ. ಆಗ ಈ ಪರದೇಶದಲ್ಲಿ ನಮ್ಮ ಬಳಗವೆಂದರೆ ಮೂವತ್ತು ಮನೆ. ಅವರು ಬಚ್ಚಲಿನಿಂದ ಬರುವಷ್ಟರಲ್ಲಿ ಹೆಸರು ಸೂಚಿಸಿ, ಅನುಮೋದಿಸಿ, ಚಪ್ಪಾಳೆಯನ್ನೂ ತಟ್ಟಿ ಮುಗಿಸಿದ್ದರು. ಎರಡು ವರ್ಷ ತಾನೇ ಎಂದುಕೊಂಡು ಒಪ್ಪಿದರು. ಆಮೇಲೆ ೨೦೦೧, ೨೦೦೩, ೨೦೦೫. ಪ್ರತಿ ಸಲವೂ ಬೇರೆ ಯಾರಾದರೂ ಮುಂದೆ ಬನ್ನಿ ಎಂದು ಅವರು ಕೇಳಿಕೊಳ್ಳುವುದು, ಎಲ್ಲರೂ ನೆಲ ನೋಡುವುದು, ಕೊನೆಗೊಬ್ಬರು ನಿಮ್ಮಷ್ಟು ಚೆನ್ನಾಗಿ ಇನ್ಯಾರು ಮಾಡುತ್ತಾರೆ ಸಾರ್ ಅನ್ನುವುದು. ಹೊಗಳಿ ಹೊಗಳಿಯೇ ಮನುಷ್ಯನನ್ನು ಕಟ್ಟಿಹಾಕುವ ಕಲೆಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಈ ನಡುವೆ ಬ್ಯಾಂಕುಗಳಿಗೆ, ಕಂಪ್ಯೂಟರ್ ಕಂಪನಿಗಳಿಗೆ ಜನ ಬಂದಿಳಿಯುತ್ತಲೇ ಇದ್ದರು. ಮೂವತ್ತು ಮನೆ ಇನ್ನೂರಾಯಿತು. ಬಂದವರೆಲ್ಲರ ಕೈಯಲ್ಲೂ ಗುರುಮೂರ್ತಿಯವರ ನಂಬರು. ಬಾಡಿಗೆ ಮನೆ ಯಾವ ಬ್ಲಾಕಿನಲ್ಲಿ ಸಿಕ್ಕೀತು, ಸತ್ಯನಾರಾಯಣ ಪೂಜೆಗೆ ಯಾರನ್ನು ಕರೆಯಬೇಕು, ಮಗುವಿಗೆ ಬಾಲಿವುಡ್ ಬೇಡ, ಭರತನಾಟ್ಯ ಕಲಿಸುವವರು ಯಾರು. ಬೂನ್ ಲೇ ಕಡೆಯ ಕಾರ್ಖಾನೆಯಲ್ಲಿ ಬಿಸ್ಕತ್ತು ಪ್ಯಾಕ್ ಮಾಡುವ ಯಂತ್ರಗಳ ಉಸ್ತುವಾರಿ ಅವರದು. ಯಂತ್ರ ಕೆಟ್ಟು ನಿಂತಿದ್ದಾಗಲೂ ಫೋನು ಮಾತ್ರ ಕೆಡುತ್ತಿರಲಿಲ್ಲ.

ಅಧ್ಯಕ್ಷರನ್ನು ಹೇಗೋ ಒಂದು ರೀತಿ ಆರಿಸಿದ್ದರು. ಅವರ ಹೆಂಡತಿ ಅನುಸೂಯಾರನ್ನು ಯಾರೂ ಆರಿಸಿರಲಿಲ್ಲ. ಆದರೂ ಬಳಗದ ಅಡುಗೆಯ ಭಾರವೆಲ್ಲ ತಾನಾಗಿಯೇ ಅವರ ತಲೆಗೆ ಬಂದು ಕೂತಿತ್ತು. ಯುಗಾದಿ, ಗಣೇಶ, ರಾಜ್ಯೋತ್ಸವ, ಯಾವುದಿರಲಿ, ಇನ್ನೂರು ಮನೆಯ ಬಿಸಿಬೇಳೆಬಾತು ಅವರ ಉಸ್ತುವಾರಿಯಲ್ಲೇ ಬೇಯಬೇಕು. ಅನುಸೂಯಾ ಚೋವಾ ಚು ಕಾಂಗ್‌ನ ತಮ್ಮ ಬ್ಲಾಕಿನ ಕೆಳಗಿದ್ದ ಶಿಶುವಿಹಾರದಲ್ಲಿ ಸಹಾಯಕಿ. ಟೀಚರ್ ಆಗಬೇಕೆಂಬುದು ಅವರ ಬಹಳ ವರ್ಷಗಳ ಆಸೆ. ಅದಕ್ಕೊಂದು ಡಿಪ್ಲೊಮಾ ಬೇಕು, ಅದರ ತರಗತಿಗಳು ಭಾನುವಾರ. ಭಾನುವಾರಗಳೋ ಬಳಗಕ್ಕೆ ಮೀಸಲು. ಎರಡು ಸಲ ಅರ್ಜಿ ತುಂಬಿ ಎರಡು ಸಲವೂ ಡ್ರಾಯರಿಗೆ ಸೇರಿಸಿದ್ದರು. ೨೦೦೭ರಲ್ಲಿ ಮೂರನೆಯ ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟಾಗ ಗುರುಮೂರ್ತಿ, ಈ ಸಲ ಬಿಟ್ಟೇಬಿಡುತ್ತೇನೆ, ನೀನು ಸೇರಿಕೋ ಎಂದು ಮಾತು ಕೊಟ್ಟರು. ಮಾತು ಕೊಡುವ ಧೈರ್ಯ ಅವರಿಗೆ ಬಂದದ್ದು ಇಟಲಿಯಿಂದ.

ಅವರ ಯಂತ್ರಗಳು ತಯಾರಾಗುತ್ತಿದ್ದದ್ದು ಉತ್ತರ ಇಟಲಿಯ ಒಂದು ಊರಿನಲ್ಲಿ. ೨೦೦೪ರ ಬೇಸಿಗೆಯಲ್ಲಿ ತರಬೇತಿಗೆಂದು ಹೋದಾಗ ಆ ಊರಿನ ಮೇಯರ್ ಕಾರ್ಖಾನೆಗೆ ಬಂದಿದ್ದರು. ಗುರುಮೂರ್ತಿಗೆ ಗೊತ್ತಿದ್ದದ್ದು ಬೆಂಗಳೂರಿನ ಮೇಯರ್ ಮಾತ್ರ. ಅಲ್ಲಿ ವರ್ಷಕ್ಕೊಬ್ಬರು, ಹೆಸರು ಬಾಯಿಗೆ ಬರುವಷ್ಟರಲ್ಲಿ ಗೌನು ಇನ್ನೊಬ್ಬರ ಮೈಮೇಲೆ. ಇಲ್ಲಿ ಹಾಗಲ್ಲ. ಊರಿನವರೇ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಎದೆಗೆ ಅಡ್ಡಲಾಗಿ ಹಸಿರು, ಬಿಳಿ, ಕೆಂಪು ಪಟ್ಟಿ ಧರಿಸಿ ಮೇಯರೇ ಮದುವೆ ಮಾಡಿಸುವುದೂ ಉಂಟು. ಈ ಮನುಷ್ಯ ಎರಡು ಅವಧಿ ಮುಗಿಸಿ ಆ ತಿಂಗಳೇ ಇಳಿಯುವವರಿದ್ದರು. ಜನರಿಗೆ ಇಷ್ಟವಾದವರನ್ನು ಮತ್ತೆ ಆರಿಸಬಹುದಲ್ಲ ಎಂದು ಗುರುಮೂರ್ತಿ ಪಕ್ಕದವರನ್ನು ಕೇಳಿದರು. ಸತತವಾಗಿ ಎರಡೇ ಅವಧಿ, ಕಾನೂನಿದೆ, ಬೇಕೆಂದರೂ ಕೊಡುವುದಿಲ್ಲ ಎಂದು ಪಕ್ಕದವರು ನಕ್ಕರು.

ಎರಡು ವರ್ಷ ಬಿಟ್ಟು ಮತ್ತೆ ಹೋದಾಗ ಗಂಟಲು ಕಟ್ಟಿ, ಚೌಕದ ಹತ್ತಿರದ ಔಷಧಿ ಅಂಗಡಿಗೆ ಹೋದರು. ಬಿಳಿ ಕೋಟು ಹಾಕಿ ಮಾತ್ರೆ ಕೊಟ್ಟವರು ಅದೇ ಮೇಯರ್. ಅದು ಅವರ ಹಳೆಯ ಕಸುಬು. ಭಾನುವಾರ ಏನು ಮಾಡುತ್ತೀರಿ ಎಂದು ಗುರುಮೂರ್ತಿ ಕೇಳಿದರು. ಇಂಥ ಪ್ರಶ್ನೆ ಕೇಳಲು ಬಳಗದ ಅಧ್ಯಕ್ಷರೇ ಆಗಿರಬೇಕು. ನಿದ್ದೆ ಮಾಡುತ್ತೇನೆ ಅಂದರು ಆತ. ಹೊರಗೆ ಬಂದ ಗುರುಮೂರ್ತಿ ನಗರಸಭೆಯ ಕಟ್ಟಡ ನೋಡುತ್ತ ಬಹಳ ಹೊತ್ತು ನಿಂತರು. ಹುದ್ದೆ ಸಿಕ್ಕವರನ್ನು ಕಂಡು ಹೊಟ್ಟೆ ಉರಿಯುವವರುಂಟು. ಹುದ್ದೆ ಹೋದವನನ್ನು ಕಂಡು ಅವರಿಗೆ ಹೊಟ್ಟೆ ಉರಿಯಿತು.

೨೦೦೭ರ ಫೆಬ್ರವರಿ, ಜುರಾಂಗ್ ಈಸ್ಟ್‌ನ ಕಮ್ಯುನಿಟಿ ಕ್ಲಬ್ಬಿನಲ್ಲಿ ವಾರ್ಷಿಕ ಸಭೆ. ಗುರುಮೂರ್ತಿ ತಾವೇ ಬರೆದ ತಿದ್ದುಪಡಿ ಓದಿದರು: ಯಾರೇ ಆಗಲಿ, ಸತತವಾಗಿ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರುವಂತಿಲ್ಲ. ಇಟಲಿಯ ಕಥೆಯನ್ನೂ ಹೇಳಿದರು. ಜನಕ್ಕೆ ಬಹಳ ಹಿಡಿಸಿತು. ಇಡೀ ಸಭಾಂಗಣ ಕೈ ಎತ್ತಿತು, ಮೂರನೆಯ ಸಾಲಿನಲ್ಲಿದ್ದ ಅನುಸೂಯಾ ಎಲ್ಲರಿಗಿಂತ ಮೊದಲು. ಗುರುಮೂರ್ತಿಗೆ ಎದೆ ಹಗುರಾಯಿತು.

ಆಗ ಎದ್ದರು ದ್ವಾರಕನಾಥ್. ಬ್ಯಾಂಕಿನಲ್ಲಿ ನಿಯಮಪಾಲನೆ ನೋಡಿಕೊಳ್ಳುವವರು, ಅಲ್ಪವಿರಾಮವನ್ನೂ ಬಿಡದೆ ಓದುವವರು.

"ಒಂದು ಕ್ಲಾರಿಫಿಕೇಶನ್ ಸಾರ್. ರೂಲ್ ಜಾರಿಗೆ ಬರೋದು ಇವತ್ತಿಂದ ತಾನೆ? ಹಾಗಾದ್ರೆ ಹಿಂದಿನ ಟರ್ಮ್‌ಗಳು ಕೌಂಟ್ ಆಗಲ್ಲ. ನಿಮಗಿನ್ನೂ ಎರಡು ಫುಲ್ ಟರ್ಮ್ ಇದೆ."

ಚಪ್ಪಾಳೆ ಬಿತ್ತು. ಗುರುಮೂರ್ತಿ ಕೈಯಲ್ಲಿದ್ದ ಹಾಳೆ ನೋಡಿದರು. ಎಲ್ಲ ಬರೆದಿದ್ದರು, ಎಂದಿನಿಂದ ಎಣಿಸಬೇಕು ಎನ್ನುವುದೊಂದನ್ನು ಬಿಟ್ಟು. ಒಂದು ಬೋಲ್ಟು ಸಡಿಲವಿದ್ದರೂ ಯಂತ್ರ ಚಾಲೂ ಮಾಡಲು ಬಿಡದ ಮನುಷ್ಯ ತನ್ನ ಬಿಡುಗಡೆಯ ಪತ್ರವನ್ನೇ ಸರಿಯಾಗಿ ಬರೆದಿರಲಿಲ್ಲ. ಬೇಡ ಎನ್ನಲು ಮೈಕು ಹತ್ತಿರ ಎಳೆದುಕೊಂಡರು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರಾದ ಕೃಷ್ಣಪ್ಪನವರು ಎದ್ದು ನಿಂತು ಕೈ ಮುಗಿದರು. ಅವರು ಎದ್ದರೆಂದು ಸಭೆಯೇ ಎದ್ದು ನಿಂತಿತು. ಮುಚ್ಚಿಡುವುದೇಕೆ, ಗುರುಮೂರ್ತಿಗೆ ಒಳಗೊಳಗೇ ಹಿತವಾಯಿತು. ಆ ಹಿತ ಅವರಿಗೇ ಹೇಸಿಗೆಯೆನಿಸಿತು. ಆದರೂ ಬೇಡ ಎನ್ನಬೇಕಾದ ಬಾಯಿ ನಿಮ್ಮ ಅಭಿಮಾನ ದೊಡ್ಡದು ಎಂದಿತು. ಮೂರನೆಯ ಸಾಲಿನ ಕಡೆ ಅವರು ನೋಡಲಿಲ್ಲ.

ಮನೆಗೆ ಹೋಗುವಾಗ ಎಂಆರ್‌ಟಿ ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಗುರುಮೂರ್ತಿ ಬುಕಿಟ್ ಬಾಟೊಕ್ ಸ್ಟೇಷನ್ ದಾಟುವವರೆಗೂ ಸಮಜಾಯಿಷಿ ಕೊಟ್ಟರು. ಅಷ್ಟು ಜನರ ಎದುರು ಹೇಗೆ ಒಲ್ಲೆನೆನ್ನುವುದು, ಇನ್ನು ನಾಲ್ಕೇ ವರ್ಷ, ಆಮೇಲೆ ನಿಯಮವೇ ಬಿಡಿಸುತ್ತದೆ, ಡಿಪ್ಲೊಮಾ ಎಲ್ಲೂ ಓಡಿಹೋಗುವುದಿಲ್ಲ. ಅನುಸೂಯಾ ಪೂರ್ತಿ ಕೇಳಿಸಿಕೊಂಡರು.

"ರೂಲ್ ಚೆನ್ನಾಗಿದೆ ಕಣ್ರೀ, ನಾನೂ ಕೈ ಎತ್ತಿದೀನಿ," ಎಂದರು. "ನಿಮ್ದು ಇವತ್ತಿಂದ ಕೌಂಟ್ ಮಾಡ್ಕೊಳ್ಳಿ. ನಂದು ಹಾಗಲ್ಲ. ನಂದು ನಾಲ್ಕು ಟರ್ಮ್ ಆಗೋಯ್ತು. ಫಾರ್ಮ್ ಶುಕ್ರವಾರಾನೇ ಕೊಟ್ಟು ಬಂದೆ."

ಅಭಿನಂದಿಸಬೇಕೆಂದು ಗುರುಮೂರ್ತಿಗೆ ಹೊಳೆಯಲೇ ಇಲ್ಲ. ಬಾಯಿಗೆ ಬಂದದ್ದು ಒಂದೇ.

"ಮತ್ತೆ ಯುಗಾದಿ ಅಡುಗೆ?"

"ಅಧ್ಯಕ್ಷರನ್ನ ಕೇಳಿ."

ಚೋವಾ ಚು ಕಾಂಗ್ ಬಂತು. ಅನುಸೂಯಾ ಎದ್ದು ಇಳಿದೇಬಿಟ್ಟರು. ಬಾಗಿಲು ಮುಚ್ಚುವ ಮುನ್ನ ಗುರುಮೂರ್ತಿಯೂ ಹೇಗೋ ನುಗ್ಗಿ ಪ್ಲಾಟ್‌ಫಾರ್ಮಿಗೆ ಬಂದರು. ಯುಗಾದಿಗೆ ಇನ್ನು ಐದೇ ವಾರವಿತ್ತು.