ಅಡಿಯಲ್ಲಿ ಅಚ್ಚಾದ ಹೆಸರು

ಕೋವಿಡ್ ಗದ್ದಲ ಮುಗಿದು ಜನ ಮಾಸ್ಕ್ ಬಿಚ್ಚಿಟ್ಟ ವರ್ಷ. ನಾನಾಗ ರಾಯಚೂರಿನ ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಅಂಕಿಅಂಶ ಸಹಾಯಕನಾಗಿದ್ದೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಮಕ್ಕಳ ಲಸಿಕೆಯ ಪಟ್ಟಿಗಳು ವಾರಕ್ಕೊಮ್ಮೆ ನನ್ನ ಮೇಜಿಗೆ ಬರುತ್ತಿದ್ದವು. ಬರುವ ಚಂದ ನೋಡಿದರೆ ಮೈ ಉರಿಯುತ್ತಿತ್ತು. ಒಂದು ಅಡ್ಡ ಹಾಳೆ, ಒಂದು ಉದ್ದ ಹಾಳೆ, ಯಾವುದಕ್ಕೂ ಪುಟಸಂಖ್ಯೆ ಇಲ್ಲ. ಮಲ್ಲಟದ ಪಟ್ಟಿಯ ಕೊನೆಯ ಪುಟ ಬೇರೆ ಊರಿನ ಪಟ್ಟಿಯ ಹಿಂದೆ ಸೇರಿಕೊಂಡು, ಅದನ್ನು ಹುಡುಕುವುದರಲ್ಲೇ ಒಮ್ಮೆ ಅರ್ಧ ದಿನ ಹೋಯಿತು.

ತಲೆ ಕೆಟ್ಟು, ನಾನೇ ಒಂದು ಡೀಫಾಲ್ಟ್ ಟೆಂಪ್ಲೇಟ್ ಮಾಡಲು ಕೂತೆ. ಎಂದರೆ, ಕಂಪ್ಯೂಟರಿನಲ್ಲಿ ಹೊಸ ಸ್ಪ್ರೆಡ್‌ಶೀಟ್ ತೆರೆದ ಕೂಡಲೇ ತಾನಾಗಿ ಬಂದು ನಿಲ್ಲುವ ಮಾದರಿ ಹಾಳೆ. ಅಕ್ಷರದ ಗಾತ್ರ, ಅಂಚು, ಕಾಲಂಗಳ ಅಗಲ ಎಲ್ಲ ಮೊದಲೇ ಗೊತ್ತುಮಾಡಿಟ್ಟಿರುತ್ತದೆ. ಪ್ರತಿ ಪುಟದ ಕೆಳಗೆ ಫೂಟರ್, ಅಂದರೆ ಅಡಿಸಾಲು. ಅದರ ಎಡಕ್ಕೆ ಫೈಲಿನ ಹೆಸರು, ನಡುವೆ ‘ಪುಟ ಇಷ್ಟು, ಒಟ್ಟು ಇಷ್ಟು’, ಬಲಕ್ಕೆ ‘ತಯಾರಿಸಿದವರು: ಶರಣಪ್ಪ’.

ಆ ಶರಣಪ್ಪ ನಾನೇ. ಪರೀಕ್ಷೆಗೆಂದು ನನ್ನ ಹೆಸರು ಹಾಕಿದ್ದೆ, ತೆಗೆಯಲು ಮರೆತೆ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡೆ. ಸುಳ್ಳು. ಮೊದಲ ಪ್ರಿಂಟ್ ಬೆಚ್ಚಗೆ ಹೊರಬಂದಾಗ ಆ ಹೆಸರನ್ನು ನೋಡುತ್ತ ಎಷ್ಟೋ ಹೊತ್ತು ಕೂತಿದ್ದೆ. ಮೂವತ್ತು ವರ್ಷ ಬೇರೆಯವರ ಸಹಿಗೆ ಕಾಗದ ಸಿದ್ಧಮಾಡಿದವನಿಗೆ ಅದೊಂದು ಸುಖ. ಇರಲಿ ಎಂದು ಬಿಟ್ಟೆ.

ಟೆಂಪ್ಲೇಟನ್ನು ಎಲ್ಲ ಕಚೇರಿಗಳಿಗೂ ಹೋಗಿ ನಾನೇ ಹಾಕಿಕೊಟ್ಟೆ. ದೇವದುರ್ಗದ ಬಸ್ಸು ಗಬ್ಬೂರು ದಾಟುವಷ್ಟರಲ್ಲಿ ನನಗೆ ಜೋಂಪು. ಕಿಟಕಿಯಾಚೆ ಹತ್ತಿಯ ಹೊಲಗಳು ಬಿಳಿಬಿಳಿಯಾಗಿ ಹಿಂದೆ ಸರಿಯುತ್ತಿದ್ದವು. ಮುಚ್ಚಿದ ಕಣ್ಣೊಳಗೆ ಅವೇ ಹಾಳೆಗಳಾಗಿ, ಒಂದರ ಹಿಂದೊಂದು ತೇಲಿ, ಎಲ್ಲದರ ಅಡಿಯಲ್ಲೂ ನನ್ನ ಹೆಸರು. ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಿದಾಗ ನಗುತ್ತಿದ್ದೆನಂತೆ.

ದೇವದುರ್ಗದಲ್ಲಿ ಪಟ್ಟಿ ಮಾಡುತ್ತಿದ್ದವಳು ಹುಲಿಗೆಮ್ಮ, ಅರಕೇರಾದವಳು, ಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್. ಅವಳೆದುರಿಗೂ ದರ್ಪದಿಂದಲೇ ಹೇಳಿದೆ: “ಇದನ್ನ ಯಾರೂ ಮುಟ್ಟಾಂಗಿಲ್ಲ ನೋಡವಾ. ಒಂದು ಗೆರಿ ಆಚೀಚಿ ಆತಂದ್ರ ನನ್ನಷ್ಟು ಕೆಟ್ಟವ ಇಲ್ಲ.”

“ಮುಟ್ಟಾಂಗಿಲ್ರೀ ಸರ್,” ಎಂದಳು. ಮುಟ್ಟಲೂ ಇಲ್ಲ. ಕೆಲಸ ಮಾಡುವಾಗ ಫೂಟರ್ ಪರದೆಯ ಮೇಲೆ ಕಾಣುವುದಿಲ್ಲ, ಪ್ರಿಂಟಿನಲ್ಲಷ್ಟೇ ಕಾಣುತ್ತದೆ. ಎರಡು ವರ್ಷ ಪಟ್ಟಿಗಳು ಅಚ್ಚುಕಟ್ಟಾಗಿ ಬಂದವು. ನಾನು ಪುಟ ಎಣಿಸಿ ಮೇಲಕ್ಕೆ ಕಳಿಸುತ್ತಿದ್ದೆ. ಓದುತ್ತಿದ್ದೆನೇ? ಇಲ್ಲ.

ಹೊಸ ಸಾಹೇಬರು ಬಂದ ಮೇಲೆ ಗುತ್ತಿಗೆಯವರನ್ನೆಲ್ಲ ಒಬ್ಬೊಬ್ಬರಾಗಿ ರಾಯಚೂರಿಗೆ ಕರೆಸಿದರು. ತಾವೇ ಮಾಡಿದ ಕೆಲಸದ ಪುರಾವೆ ತಂದವರಿಗಷ್ಟೇ ಗುತ್ತಿಗೆ ಮುಂದುವರಿಕೆ. ಒಂದು ಮಧ್ಯಾಹ್ನ ಹುಲಿಗೆಮ್ಮ ವರ್ಷದ ಪಟ್ಟಿಗಳನ್ನೆಲ್ಲ ಪ್ರಿಂಟ್ ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಸಾಹೇಬರ ಮೇಜಿನ ಮೇಲಿಟ್ಟಳು. ಸಾಹೇಬರು ಒಂದೊಂದೇ ಪುಟ ತಿರುವಿದರು.

“ಎಲ್ಲಾದರಾಗೂ ಶರಣಪ್ಪ ಅಂತ ಅದಲ್ಲಮ್ಮಾ. ನೀ ಏನು ಮಾಡೀದಿ?”

ಅವಳ ಮುಖ ಸಪ್ಪಗಾಯಿತು. “ನಾನೇ ಮಾಡೀನ್ರೀ. ಅಡ್ಯಾಗ ಮ್ಯಾಲಿನವ್ರ ಹೆಸರು ಇರೋದು ಕಾಯ್ದೆ ಅನ್ಕೊಂಡಿದ್ದೆ. ಈ ಕೆಲಸ ಹೋದ್ರ ನಾನೂ ದುಡಿಯಾಕ ಊರು ಬಿಡಬೇಕಾಗ್ತದ್ರೀ.”

ಪಕ್ಕದಲ್ಲೇ ನಿಂತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನನ್ನ ವಾರ್ಷಿಕ ವರದಿಯಲ್ಲಿ ಅದೇ ಪಟ್ಟಿಗಳನ್ನು ನನ್ನ ಕೆಲಸವೆಂದು ತೋರಿಸಿದ್ದೆನಲ್ಲ! ಮೇಲೆ ಫ್ಯಾನು ತಿರುಗುತ್ತಿತ್ತು, ಹಾಳೆಗಳ ಅಂಚುಗಳು ಮೆಲ್ಲಗೆ ಎದ್ದು ಬೀಳುತ್ತಿದ್ದವು. ಬಸ್ಸಿನ ಜೋಂಪಿನಲ್ಲಿ ಕಂಡದ್ದೇ ಕಣ್ಣೆದುರು ಇದ್ದಂತೆ ಅನಿಸಿತು, ಆದರೆ ಈ ಸಲ ನಗು ಬರಲಿಲ್ಲ.

ಸಾಹೇಬರು ಅರಕೇರಾದ ಪುಟ ನನ್ನತ್ತ ತಿರುಗಿಸಿದರು. “ಶರಣಪ್ಪನವ್ರ, ಇಲ್ಲಿ ಐದು ಮಕ್ಕಳ ಮುಂದ ಲಸಿಕಿ ಕಾಲಂ ಖಾಲಿ ಬಿಟ್ಟೀರಿ. ಯಾಕ?”

ನೋಡಿದೆ. ಐದು ಬಿಳಿ ಚೌಕಗಳು. ಏನಾದರೂ ಹೊಂದಿಸಿ ಹೇಳಬಹುದಿತ್ತು. ಬದಲಿಗೆ ಪುಟವನ್ನು ಹುಲಿಗೆಮ್ಮನತ್ತ ಸರಿಸಿದೆ.

“ನನಗ ಗೊತ್ತಿಲ್ರೀ ಸಾಹೇಬ್ರ. ಹೆಸರಷ್ಟೇ ನಂದು. ಕೆಲಸ ಆಕೀದು. ಆಕೀನ ಕೇಳ್ರಿ.”

ಹುಲಿಗೆಮ್ಮ ಪುಟ ನೋಡದೆಯೇ ಹೇಳತೊಡಗಿದಳು. “ಅವರ ಅವ್ವ ಅಪ್ಪ ದುಡಿಯಾಕ ಹೋಗ್ಯಾರ್ರೀ. ‘ಊರು ಬಿಟ್ಟಾರ’ ಅಂತ ಬರದ್ರ ಮುಂದಿನ ಪಟ್ಟಿಯಾಗ ಹೆಸರೇ ಬರಾಂಗಿಲ್ಲ. ಅದಕ್ಕ ಖಾಲಿ ಬಿಟ್ಟೀನ್ರೀ. ಫೋನ್ ಮಾಡಿ ಕೇಳ್ತಿರ್ತೀನಿ. ಇಬ್ಬರಿಗೆ ಅಲ್ಲೇ ಸೂಜಿ ಹಾಕ್ಸ್ಯಾರಂತ, ಚೀಟಿ ಬಂದ ಕೂಡ್ಲೆ ತುಂಬ್ತೀನಿ. ಮೂರು ಮಂದಿ ಉಗಾದಿಗೆ ಬರ್ತಾರ. ಸಣ್ಣಾಕಿದ್ದಾಗ ನಾನೂ ಅವ್ವನ ಕೂಡ ಹೋಗಿದ್ದೆ. ತಿರುಗಿ ಬರೋದ್ರಾಗ ಸಾಲಿ ಹಾಜರಿ ಪಟ್ಟಿಯಾಗ ನನ್ನ ಹೆಸರು ಇರ್ಲಿಲ್ರೀ,” ಎಂದಳು.

ಅಲ್ಲಿಂದ ಮುಂದೆ ಗಬ್ಬೂರು, ಜಾಲಿ ಗಿಡದ ಓಣಿ, ಅವಳಿ ಕೂಸುಗಳ ಮನೆ, ಎಲ್ಲವೂ ಅವಳ ಬಾಯಲ್ಲಿ ಹೆಸರು ಹೆಸರಾಗಿ ಬಂದವು. ಕೇಳುತ್ತ ಕೇಳುತ್ತ ಕೋಣೆಯ ಗೋಡೆಗಳೇ ದೂರ ಸರಿದು, ಆ ಮಕ್ಕಳೆಲ್ಲ ಬಾಗಿಲಲ್ಲಿ ನಿಂತು ಇಣುಕುತ್ತಿದ್ದಾರೆ ಎನಿಸಿತು. ಸಾಹೇಬರೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

ಕೊನೆಗೆ ಅವರು ಹೇಳಿದ್ದು ಇಷ್ಟೇ: “ಪ್ರತಿ ಪುಟದಾಗ ಅಚ್ಚಾದ ಹೆಸರು ಹೊಡದು, ಕೆಳಗ ನಿನ್ನ ಸಹಿ ಮಾಡಮ್ಮಾ. ನಾನು ಗುತ್ತಿಗೆ ಮುಂದುವರಿಸ್ತೀನಿ.”

ನನ್ನ ವಾರ್ಷಿಕ ವರದಿಯನ್ನೂ ತಿದ್ದಿ ತರಲು ಹೇಳಿದರು. ತಿದ್ದಿದೆ. ಸಂಜೆಯೇ ಟೆಂಪ್ಲೇಟಿನಿಂದ ನನ್ನ ಹೆಸರು ತೆಗೆದು, ಮಾಡಿದವರೇ ತುಂಬಲೆಂದು ಜಾಗ ಬಿಟ್ಟು, ಎಲ್ಲ ಕಚೇರಿಗಳಿಗೂ ಕಳಿಸಿದೆ. ನಮೂನೆ ಮಾಡಿಕೊಟ್ಟವನು ಕೆಲಸ ಮಾಡಿದವನಲ್ಲ; ಇಷ್ಟು ತಿಳಿಯಲು ನನಗೆ ಇಡೀ ನೌಕರಿ ಬೇಕಾಯಿತು.

ಅದಕ್ಕೂ ಮೊದಲು, ಆ ಮಧ್ಯಾಹ್ನ ಸಾಹೇಬರ ಕೋಣೆಯಿಂದ ಹೊರಬಂದಾಗ, ಹೊರಗಿನ ಬೆಂಚಿನ ಮೇಲೆ ಹುಲಿಗೆಮ್ಮ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. “ನಿಮ್ಮ ಹೆಸರಿನ ಮ್ಯಾಲ ಗೆರಿ ಎಳಿಯಾಕ ಕೈ ಬರವಲ್ದು ಸರ್.”

“ಕೊಡು ಇಲ್ಲೆ,” ಎಂದು ಪಕ್ಕ ಕೂತೆ. ನಾನು ಒಂದೊಂದಾಗಿ ಹೊಡೆಯುತ್ತ ಹೋದೆ. ಅವಳು ಒಂದೊಂದಾಗಿ ಬರೆಯುತ್ತ ಬಂದಳು.