ಶಂಕ್ರಮ್ಮನ ಮನೆ ಸೇರಿದ ಖಣಗಳು

ಜಿಲ್ಲೆಗೇ ದೊಡ್ಡ ಸಾಹೇಬರಾದ ಅವ್ವಲ್ ತಾಲೂಕದಾರರು ಮಖ್ತಲಕ್ಕೆ ದೌರೆ ಬಂದ ದಿನ ನಾನು ಬಗ್ಗಿ ಸಲಾಮು ಮಾಡಿದೆ. ನನ್ನ ಶೇರವಾನಿ ಬಗ್ಗಲಿಲ್ಲ. ಕೊರಳಿನಿಂದ ಸೊಂಟದವರೆಗೆ ಬೆನ್ನಿನ ಹೊಲಿಗೆ ಬಿಟ್ಟ ಸದ್ದು ಇಡೀ ತಹಸೀಲು ಕಚೇರಿಗೆ ಕೇಳಿಸಿತು. ಸಾಹೇಬರಿಗೆ ಬೆನ್ನು ತೋರಿಸಬಾರದೆಂಬ ರಿವಾಜು ಇದ್ದದ್ದು ಪುಣ್ಯ. ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಹೊರಗೆ ಬಂದೆ. ಇಷ್ಟು ಮರ್ಯಾದೆ ಬಲ್ಲ ಗುಮಾಸ್ತ ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಸಾಹೇಬರು ಅಂದರಂತೆ. ಆದರೆ ಹೊರಗೆ ಅರ್ಜಿ ಹಿಡಿದು ಕೂತಿದ್ದ ನಲವತ್ತು ಮಂದಿ ರೈತರಿಗೆ ಮೊದಲು ಕಂಡದ್ದೇ ನನ್ನ ಬೆನ್ನು. ಒಳಗೆ ಅಂಗಿ ಇರಲಿಲ್ಲ. ಲಡಾಯಿಯ ಕಾಲ, ಬಟ್ಟೆಗೆ ಕಂಟ್ರೋಲು. ಶೇರವಾನಿಯ ಒಳಗೆ ಏನಿದೆ ಎಂದು ಸರಕಾರವೂ ಕೇಳುತ್ತಿರಲಿಲ್ಲ.

ಊರಿನ ದರ್ಜಿ ಮೊಗುಲಪ್ಪ ನೆಂಟರ ಮದುವೆಗೆಂದು ಗದ್ವಾಲಕ್ಕೆ ಹೋಗಿ ವಾರವಾಗಿತ್ತು. ಮನೆಗೆ ಬಂದು ಹೆಂಡತಿಗೆ ಶೇರವಾನಿ ತೋರಿಸಿದೆ. ಆಕೆ ಸೂಜಿ ಹುಡುಕುವ ಗೋಜಿಗೇ ಹೋಗದೆ, ಶಂಕ್ರಮ್ಮನ ಮನೆಗೆ ಒಯ್ಯಲು ಹೇಳಿದಳು. ನನಗೆ ಅನುಮಾನ ಹುಟ್ಟಿದ್ದು ಆಗ. ತಿಂಗಳಿಂದ ಶಂಕ್ರಮ್ಮನ ನೆರಳು ಸಹ ಮೆಟ್ಟಬಾರದೆಂದು ನಮ್ಮ ಓಣಿಯ ಹೆಂಗಸರು ಮಾತಾಡಿಕೊಂಡಿದ್ದರು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

“ಹೊಲಿಯೋತನಕ ಕುಂತಿರ್ತೀರಲ್ಲ, ಮನಿ ಒಂದಿಷ್ಟು ನೋಡ್ಕೊಂಡು ಬರ್ರಿ” ಎಂದಳು. ಹರಿದದ್ದು ನನ್ನ ಮಾನ. ಅದು ಆಕೆಗೆ ಒಂದು ಕಿಂಡಿಯಾಗಿ ಒದಗಿತ್ತು.

ಶಂಕ್ರಮ್ಮ ಎಣ್ಣೆಕಾಳಿನ ವ್ಯಾಪಾರಿ ತಾಯಪ್ಪನವರ ಹೆಂಡತಿ. ನಲವತ್ತೈದರ ಆಸುಪಾಸು, ಎತ್ತರದ ಆಳು, ಮಾತು ಕಡಿಮೆ. ತವರಾದ ರಾಯಚೂರಿನಿಂದ ಒಂದು ಕೈಮಿಷನ್ನು ತಂದಿದ್ದಳು. ತನ್ನ ಕುಬಸವನ್ನು ತಾನೇ ಹೊಲಿದುಕೊಳ್ಳುವುದು ಆಕೆಯ ಹುಚ್ಚು. ಬೇರೆಯವರಿಗೆ ಹೊಲಿದು ಕೊಟ್ಟವಳಲ್ಲ, ಕೂಲಿಗೆ ಹೊಲಿಯುವ ಗರಜೂ ಇರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಊರಿನ ಹೆಂಗಸರು ಕಣ್ಣು ಮುಚ್ಚಿದರೆ, ಆಕೆ ಕತ್ತರಿ ತೆರೆಯುತ್ತಿದ್ದಳು. ಬುಗ್ಗೆ ತೋಳು, ನಿರಿಗೆ ತೋಳು, ಬೆನ್ನಿಗೆ ಕಸಿ, ಎದೆಗೆ ಗುಂಡಿ, ಹೀಗೆ ತಿಂಗಳಿಗೊಂದು ಸೋಮವಾರ ಈಶ್ವರನ ಗುಡಿಗೆ ಹೊಸದೊಂದು ಕುಬಸ ಬರುತ್ತಿತ್ತು. ಅದರ ಹಿಂದೆ ಶಂಕ್ರಮ್ಮ ಬರುತ್ತಿದ್ದಳು ಎಂದೇ ನಮ್ಮವರು ಹೇಳುತ್ತಿದ್ದರು.

ಇಷ್ಟು ಬಟ್ಟೆ ಎಲ್ಲಿಂದ? ಕೇಳಬೇಕಾದ ಪ್ರಶ್ನೆಯಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಉಡಿ ತುಂಬಿ ಕಳಿಸಬೇಕು: ಅಕ್ಕಿ, ಅರಿಸಿನ ಬೇರು, ಕೊಬ್ಬರಿ ಬಟ್ಟಲು, ಮೇಲೊಂದು ಕುಬಸದ ಖಣ. ಆ ಖಣವನ್ನು ಯಾರೂ ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು, ಮುಂದಿನ ಮುತ್ತೈದೆ ಬಂದಾಗ ಅದನ್ನೇ ಆಕೆಯ ಉಡಿಗೆ ಹಾಕುವುದು. ಆಕೆ ಇನ್ನೊಬ್ಬಳಿಗೆ. ಒಂದೊಂದು ಖಣ ಕಂದಾಯ ವಸೂಲಿಗೆ ಅಲೆಯುವ ನಮ್ಮ ತಾಲೂಕಿನ ಗಿರದಾವರನಿಗಿಂತ ಹೆಚ್ಚು ಮನೆ ತಿರುಗಿತ್ತು. ಹೊಸ ಬಟ್ಟೆ ಸಿಗದ ಆ ದಿನಗಳಲ್ಲಂತೂ ಇಡೀ ಓಣಿಯ ಮರ್ಯಾದೆ ಹತ್ತಿಪ್ಪತ್ತು ಖಣಗಳ ಮೇಲೆ ನಡೆಯುತ್ತಿತ್ತು.

ಶಂಕ್ರಮ್ಮನ ಮನೆಗೆ ಹೋದ ಖಣ ಮಾತ್ರ ತಿರುಗಿ ಬರುತ್ತಿರಲಿಲ್ಲ. ಆಕೆ ಕತ್ತರಿಸಿ ಹೊಲಿದುಬಿಡುತ್ತಿದ್ದಳು. ಅದೂ ಸರಿಯಾಗಿ ಅಲ್ಲ. ಬೆನ್ನು ಒಂದರದು, ತೋಳು ಇನ್ನೊಂದರದು, ಅಂಚು ಮೂರನೆಯದರದು. ಕದ್ದ ದನದ ಗುರುತು ಅಳಿಸುವವರು ಹೀಗೆಯೇ ಮಾಡುತ್ತಾರೆ ಎಂದು ಗಲ್ಲಿಯ ಹಿರಿಯಳಾದ ಶೇಖಮ್ಮ ತೀರ್ಪು ಕೊಟ್ಟಳು. ಹದಿನೆಂಟು ಖಣ ಹೋಗಿವೆ, ಮೈಮೇಲೆ ಕಂಡದ್ದು ಐದು ಕುಬಸ, ಉಳಿದದ್ದೆಲ್ಲಿ? ನಾರಾಯಣಪೇಟೆಯ ಮಗ್ಗದವರಿಗೆ ನೂಲು ಸಿಗುತ್ತಿಲ್ಲ, ಅವರಿಗೆ ಬಿಚ್ಚಿ ಮಾರುತ್ತಾಳೆ ಎಂದು ಒಬ್ಬಳು. ತಾಯಪ್ಪನವರು ಔಡಲದ ಚೀಲಕ್ಕೆ ಒಳಪದರ ಹಾಕುತ್ತಾರೆ ಎಂದು ಇನ್ನೊಬ್ಬಳು. ಅನುಮಾನ ಪಡುವುದೇ ಕಸುಬಾದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತ ನನಗೂ ಇಂಥವು ಹೊಳೆದಿರಲಿಲ್ಲ.

ಕೊನೆಗೆ ಒಂದು ಶಿಕ್ಷೆಯೂ ಗೊತ್ತಾಯಿತು. ಬರುವ ಶುಕ್ರವಾರ ಶಂಕ್ರಮ್ಮನ ಸೊಸೆಗೆ ಏಳು ತಿಂಗಳ ಉಡಿ ತುಂಬುವ ಕಾರ್ಯ. ಹುಡುಗಿಯ ತವರಾದ ನರ್ವದಿಂದ ಬೀಗರು ಬರುವವರಿದ್ದರು. ಓಣಿಯ ಐದು ಮಂದಿ ಮುತ್ತೈದೆಯರಾದರೂ ಎದ್ದು ಉಡಿ ತುಂಬದಿದ್ದರೆ ಬೀಗರ ಎದುರಿಗೆ ಆ ಮನೆಯ ಮಾನ ಉಳಿಯುವುದಿಲ್ಲ; ಹುಡುಗಿ ಬರಿಯ ಉಡಿಯಲ್ಲಿ ತವರಿಗೆ ಹೋಗಬೇಕು. ಒಬ್ಬರೂ ಹೋಗಬಾರದೆಂದು ಮಾತಾಗಿತ್ತು.

ನಾನು ಹೆಗಲಿಗೆ ಟವಲು ಹಾಕಿಕೊಂಡು ಶೇರವಾನಿಯನ್ನು ಶಂಕ್ರಮ್ಮನ ಮುಂದಿಟ್ಟೆ. ಆಕೆ ಅದನ್ನು ತಿರುವಿ ನೋಡಿದಳು. ನಗಲಿಲ್ಲ. ಅಷ್ಟಕ್ಕೇ ನನಗೆ ಆಕೆಯ ಮೇಲೆ ಗೌರವ ಬಂದಿತು. ಕಿಟಕಿಯ ಪಕ್ಕದ ಮಂಚವನ್ನು ತೋರಿಸಿ ಕೂರಲು ಹೇಳಿದಳು. ಅಲ್ಲಿ ಕೂರಲು ಜಾಗವಿರಲಿಲ್ಲ. ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ, ಮಂಚದ ಮೇಲೆ, ಎಲ್ಲ ಕಡೆ ಖಣಗಳನ್ನು ಹರವಿದ್ದಳು. ಹಗ್ಗದ ಮೇಲಿನವುಗಳನ್ನು ದಾಟಿ ಬಿಸಿಲು ನೆಲದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಒಂದನ್ನು ನುಸಿ ತಿಂದಿತ್ತು. ಇನ್ನೊಂದನ್ನು ಮಡಿಕೆಯ ಗೆರೆಗುಂಟ ಗೇಣಗಲ ಯಾರೋ ದೀಪದ ಬತ್ತಿಗೆ ಕತ್ತರಿಸಿಕೊಂಡಿದ್ದರು. ಮೂರನೆಯದು ನೀಲಿ, ಕೆಂಪು ಅಂಚು, ನಡುವೆ ಇಲಿ ಕಡಿದು ಮಾಡಿಕೊಂಡ ಬಾಗಿಲು. ಅದರ ಮೂಲೆಯಲ್ಲಿದ್ದ ಶಾಯಿಯ ಕಲೆ ನನಗೆ ಬಹಳ ಪರಿಚಯದ್ದು. ಹಿಂದಿನ ವರ್ಷ ನಮ್ಮ ಮನೆಯಲ್ಲಿ ಅದರ ಮೇಲೆ ದೌತಿ ಉರುಳಿಸಿದವನು ನಾನೇ.

“ಇವು ಹಿಂಗಾ ಬಂದಾವೇನ್ರಿ?” ಎಂದೆ.

“ಮಡಿಕಿ ಬಿಚ್ಚಿದ್ರ ಹಿಂಗಾ ಇರ್ತಾವ್ರಿ, ಮುನಶಿಯವ್ರ.”

ಎರಡು ಖಣ ಕೂಡಿ ಒಂದು ಕುಬಸವಾದರೆ ಆಯಿತು, ಇಲ್ಲವಾದರೆ ಮೂರು ಬೇಕು ಎಂದು ಮಿಷನ್ನು ತಿರುಗಿಸುತ್ತಲೇ ತಿಳಿಸಿದಳು. ಇದನ್ನು ಯಾರಿಗೂ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಮಿಷನ್ನಿನ ಹಿಡಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು. ಶೇರವಾನಿಯ ಕೊನೆಯ ಹೊಲಿಗೆಗೆ ಬಂದಾಗ ಮಾತ್ರ ಆಕೆಯ ಕೈ ನಿಂತಿತು.

“ನಿಮ್ಮ ಮನಿಯವ್ರು ಶುಕ್ರವಾರ ಬರ್ತಾರೇನ್ರಿ? ಐದು ಮಂದಿ ಆದ್ರ ಸಾಕು.”

ನಾನು ಕೆಮ್ಮಿದೆ. ಕಚೇರಿಯಲ್ಲಿ ಬಹಳ ಅರ್ಜಿಗಳಿಗೆ ಇದೇ ನನ್ನ ಜವಾಬು.

ದಾರಿಯಲ್ಲಿ ಇನ್ನೊಂದು ಅನುಮಾನ ಸುರುವಾಯಿತು. ಮೊಗುಲಪ್ಪ ಊರಲ್ಲಿಲ್ಲದ್ದು ಶಂಕ್ರಮ್ಮನಿಗೆ ಗೊತ್ತಿತ್ತು, ನನ್ನ ಶೇರವಾನಿಯ ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಆ ಖಣಗಳನ್ನು ಬೆಳಕಿಗೆ ಹಿಡಿದು ಹರವಿದ್ದು ನನಗಾಗಿಯೇ ಇರಬಹುದೆ? ಆ ನೀಲಿ ಖಣ ಎಲ್ಲಕ್ಕೂ ಮುಂದೆ ಏಕಿತ್ತು? ಇವತ್ತಿಗೂ ಇದು ನನಗೆ ಬಗೆಹರಿದಿಲ್ಲ.

ಕಂಡದ್ದನ್ನು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು.

“ನೀಲಿದು ಇತ್ತೇನ್ರಿ?”

“ಇತ್ತು. ನನ್ನ ಶಾಯಿ ಸೈತ ಇತ್ತು.”

“ಹಂಗಾರ ನಾ ಹೋಗಾಕ ಬೇಕು. ನಾ ಇಲ್ಲದಾಗ ನನ್ನ ಹೆಸರು ತಗೊಂಡ್ರ ಏನ್ ಮಾಡೋದು?”

ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿ ಶೇಖಮ್ಮನಿಗೆ ಹೇಳಿ ಬಂದಳು. ಅಂಥ ಆಣೆಗಳು ಆ ಸಂಜೆ ಓಣಿಯಲ್ಲಿ ಬಹಳ ಬಿದ್ದವು. ಪ್ರತಿಯೊಬ್ಬಳಿಗೂ ತಾನು ಕೊಟ್ಟ ಖಣದ ಮಡಿಕೆಯೊಳಗೆ ಏನಿತ್ತೆಂಬುದು ಮೊದಲಿನಿಂದಲೂ ಗೊತ್ತಿತ್ತೆಂದು ಕಾಣುತ್ತದೆ.

ಶುಕ್ರವಾರ ಇಪ್ಪತ್ಮೂರು ಮಂದಿ ಬಂದರು. ಯಾರೂ ಯಾರನ್ನೂ ಶಂಕ್ರಮ್ಮನ ಬಳಿ ಒಬ್ಬರನ್ನೇ ಬಿಟ್ಟು ಕದಲಲಿಲ್ಲ. ಶಂಕ್ರಮ್ಮ ಹೊಸ ಕುಬಸ ತೊಟ್ಟಿದ್ದಳು: ಬೆನ್ನು ಕೆಂಪು, ಒಂದು ತೋಳು ಹಸಿರು, ಇನ್ನೊಂದು ನೀಲಿ, ಕಂಕುಳಲ್ಲಿ ಹಳದಿ ತುಂಡು. ಪಡಸಾಲೆಯಲ್ಲಿ ಗಂಡಸರ ಜೊತೆ ಕೂತ ನನಗೆ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಆಕೆ ಯಾವ ಕಡೆ ತಿರುಗಿದರೂ ನಲವತ್ತಾರು ಕಣ್ಣು ಆಕೆಯ ಬೆನ್ನು, ತೋಳಿನ ಮೇಲೆ ಓಡುತ್ತಿದ್ದವು. ಒಂದು ತೂತು ಇಲ್ಲ, ಕಲೆ ಇಲ್ಲ. ಇಲಿಯ ಬಾಗಿಲು ಇದ್ದ ಕಡೆ ಬುಗ್ಗೆ ತೋಳಿನ ನಿರಿಗೆ ಕೂತಿತ್ತು.

ಸೊಸೆಯ ಉಡಿ ತುಂಬಲು ಎದ್ದವರು ಖಣದ ಮಡಿಕೆಯನ್ನು ಪೂರ್ತಿ ಬಿಚ್ಚಿ, ಎರಡೂ ಮಗ್ಗುಲು ತೋರಿಸಿ, ಮತ್ತೆ ಮಡಚಿ ಹಾಕಿದರು. ನಮ್ಮ ಕಡೆ ಅಂಥದ್ದನ್ನು ನಾನು ಕಂಡಿರಲಿಲ್ಲ. ಒಂದೊಂದೂ ಹೊಚ್ಚ ಹೊಸದು; ಈ ಕಂಟ್ರೋಲಿನಲ್ಲಿ ಯಾವ ಟ್ರಂಕಿನ ತಳದಲ್ಲಿದ್ದವೋ. ನಿಮ್ಮ ಓಣಿಯ ಹೆಂಗಸರ ಕೈ ದೊಡ್ಡದು ಎಂದು ನರ್ವದ ಬೀಗರು ನನ್ನ ಕಡೆ ತಿರುಗಿ ಮೆಚ್ಚಿಕೊಂಡರು. ನಾನು ತಲೆಯಾಡಿಸಿದೆ, ಬಗ್ಗಲಿಲ್ಲ.

ಇಪ್ಪತ್ಮೂರನೆಯವಳೂ ಕೂತಾದ ಮೇಲೆ ಶೇಖಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಶಂಕ್ರಮ್ಮನ ಹಸಿರು ತೋಳನ್ನು ಎರಡು ಬೆರಳಿನಲ್ಲಿ ಹಿಡಿದು, ಎಲ್ಲರಿಗೂ ಕೇಳುವಂತೆ, ಇದರಲ್ಲಿ ತಾನು ಕೊಟ್ಟ ಖಣ ಯಾವುದೆಂದು ಕೇಳಿದಳು.

ಶಂಕ್ರಮ್ಮ ತೋಳಿನ ಕಡೆ ನೋಡಿದಳು, ಬೀಗರಿದ್ದ ಪಡಸಾಲೆಯ ಕಡೆ ನೋಡಿದಳು, ದನಿಯನ್ನು ಮಾತ್ರ ಇಳಿಸಲಿಲ್ಲ.

“ಹೆಂಗ ಗುರುತು ಹಿಡೀಲಿ ಅಕ್ಕಾ, ತೂತು ಇಲ್ಲದ್ದು ಒಂದೂ ಬಂದಿದ್ದಿಲ್ಲ.”