ನಾಲ್ಕು ಕಂಪ್ಯೂಟರು ನೇಯ್ದ ಒಂದು ಮದುವೆ

ಜಮಖಂಡಿ ತಾಲೂಕಿಗೆ 'ರೆಂಡರಿಂಗ್' ಎಂಬ ಪದವನ್ನು ತಂದವನು ನಾನೇ ಎಂದು ಹೇಳಿಕೊಂಡರೆ ಯಾರೂ ಹಾರ ಹಾಕಲು ಬರಲಿಕ್ಕಿಲ್ಲ. ಬರಬಾರದು ಕೂಡ. ನಾನು ಅದನ್ನು ತಂದದ್ದು ಪದವಾಗಿ ಅಲ್ಲ, ಸುಳ್ಳಾಗಿ. ಅದಕ್ಕೂ ಮೊದಲು ಮದುವೆಯ ವಿಡಿಯೋ ಕೇಳಿಕೊಂಡು ಬಂದವರಿಗೆ ಹೇಳಲು ನನ್ನ ಬಳಿ ಇದ್ದ ಸುಳ್ಳುಗಳೆಲ್ಲ ಸವೆದುಹೋಗಿದ್ದವು: ಕರೆಂಟ್ ಇರಲಿಲ್ಲ, ಕ್ಯಾಸೆಟ್ ಬೆಳಗಾವಿಯಿಂದ ಬರಬೇಕು, ನಮ್ಮ ಅತ್ತೆ ತೀರಿಕೊಂಡರು. ಮೂರನೆಯದನ್ನು ಒಂದೇ ತಿಂಗಳಲ್ಲಿ ಇಬ್ಬರಿಗೆ ಹೇಳಿದೆ. ಅವರಿಬ್ಬರೂ ಬೀಗರು ಎಂದು ತಿಳಿದದ್ದು ಆಮೇಲೆ. "ನಮ್ಮವ್ವನ್ನ ಇನ್ನೂ ಎಷ್ಟ್ ಸಲ ಸಾಯಸಾವ್ರದೀರಿ" ಎಂದು ಹೆಂಡತಿ ಕೇಳಿದಳು. ಅಂಥ ಹೊತ್ತಿನಲ್ಲಿ ರೆಂಡರಿಂಗ್ ಸಿಕ್ಕಿತು. 'ರೆಂಡರಿಂಗ್ ನಡೆದೈತ್ರಿ' ಎಂದರೆ ಸಾಕು, ಎಂಥ ಜಗಳಗಂಟನೂ ಒಳಗೆ ಹೆರಿಗೆ ನಡೆದಿದೆ ಎಂದು ಕೇಳಿದವನಂತೆ ದನಿ ತಗ್ಗಿಸಿ, "ಆಗ್ಲಿ ಆಗ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ.

ನಾನು ಓದಿದ್ದು ಹತ್ತನೆಯ ಇಯತ್ತೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಫೋಟೋ ಸ್ಟುಡಿಯೋ ಇಟ್ಟು, ಆಮೇಲೆ ವಿಡಿಯೋ ಕ್ಯಾಮರಾ ಹೆಗಲಿಗೇರಿಸಿ, ಕೊನೆಗೆ ಕಂಪ್ಯೂಟರು ತಂದು 'ಮಿಕ್ಸಿಂಗ್ ಮಾಸ್ತರ' ಎನಿಸಿಕೊಂಡವನು. ರೆಂಡರಿಂಗ್ ಅಂದರೆ ಏನು ಎಂದು ನಿಮಗೂ ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಮಾಡುವುದೇನಿದೆ? ಮದುಮಗಳ ಮೇಲೆ ಗುಲಾಬಿ ಪಕಳೆ ಉದುರಬೇಕು ಎಂದು ನಾನು ಕಂಪ್ಯೂಟರಿಗೆ ಹೇಳುತ್ತೇನೆ. ಪಾಪ, ಅದು ಒಂದೊಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳನ್ನು ತೆಗೆದುಕೊಂಡು, ಪ್ರತಿಯೊಂದರ ಮೇಲೂ ಪಕಳೆ ಬರೆಯುತ್ತ ಕೂರುತ್ತದೆ. ನಾನು ಏನನ್ನೂ ಉದುರಿಸದಿದ್ದರೆ ಅದಕ್ಕೆ ಹೆಚ್ಚು ಕೆಲಸವೂ ಇಲ್ಲ, ಹೊತ್ತೂ ಹಿಡಿಯುವುದಿಲ್ಲ. ಅಂದರೆ ತಡವಾಗುವುದು ನಾವು ಸೇರಿಸುವ ಪಕಳೆ, ಪಾರಿವಾಳ, ಹೃದಯಗಳಿಂದ. ಅವನ್ನು ಕೇಳಿದವರು ಯಾರು? ಯಾರೂ ಇಲ್ಲ. ಆದರೆ ಮುಧೋಳದ ಒಬ್ಬ ಸ್ಟುಡಿಯೋದವನು ಮದುಮಗನನ್ನು ಚಂದ್ರನ ಮೇಲೆ ನಿಲ್ಲಿಸಿದ್ದಾನೆ ಎಂಬ ಸುದ್ದಿ ಬಂದ ಮೇಲೆ ನಾನು ಸುಮ್ಮನೆ ನೆಲದ ಮೇಲೆ ಮದುವೆ ಮಾಡಿಸಿ ಮರ್ಯಾದೆಯಿಂದ ಬದುಕುವುದು ಹೇಗೆ?

ಆ ದಿನಗಳಲ್ಲೇ ಹುನ್ನೂರಿನ ಬೀರಪ್ಪನ ಮಗಳು ಲಕ್ಕವ್ವನ ಮದುವೆ ಬಂತು. ಬೀರಪ್ಪ ಕುರಿ ಸಾಕುವ, ನಾಲ್ಕೆಕರೆ ಹೊಲ ಮಾಡುವ ಹಿರಿಯ. ಅನಗವಾಡಿಯ ಬೀಗರ ಅಂಗಳದಲ್ಲಿ ಡೊಳ್ಳಿನೊಂದಿಗೆ ಮದುವೆ ನಡೆಯುವಾಗ ಅವನು ಮಿರಜದ ಒಂದು ದವಾಖಾನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಮುಹೂರ್ತ ಮುಂದೂಡಬೇಡಿರೆಂದು ಹೇಳಿ ಕಳಿಸಿದವನೂ ಅವನೇ. ಮದುವೆಯಾದ ನಾಲ್ಕನೆಯ ದಿನ ಅವನ ಹೆಂಡತಿ ಸತ್ಯವ್ವ ನನ್ನ ಅಂಗಡಿಗೆ ಬಂದಳು.

"ಅಣ್ಣಾರ, ನಮ್ಮ ಮನಿಯವ್ರದು ಒಂದ್ ಕಣ್ಣ ಹೋತ್ರಿ. ಇನ್ನೊಂದೂ ಮಬ್ಬ ಆಗಾಕತ್ತೈತಿ. ಹದಿನೈದ ದಿನಕ್ಕ ಅದನ್ನೂ ಕೊಯ್ಯತಾರಂತ, ಬೆಳಕ ಉಳೀತೈತಿ ಅಂತ ಡಾಕ್ಟರು ಖಾತ್ರಿ ಕೊಡವಲ್ಲರು. ಅದಕ್ಕ ಮದ್ಲ ಮಗಳ ಮದಿವಿ ಒಮ್ಮೆ ನೋಡಬೇಕಂತಾರ."

ನಾನು ತಲೆಯಾಡಿಸಿ, ರೆಂಡರಿಂಗ್ ಎಂಬ ಮಂತ್ರ ಹೇಳಿದೆ. ಅವಳು ಉಳಿದವರಂತೆ ಚಪ್ಪಲಿ ಮೆಟ್ಟಲಿಲ್ಲ. ನನ್ನ ಕ್ಯಾಮರಾದತ್ತ ಬೆರಳು ಮಾಡಿ, "ಅದರಾಗ ಇರೂದನ್ನ ಇದ್ದಂಗ ಟೀವಿಗೆ ತೋರ್ಸಾಕ ಬರಂಗಿಲ್ಲೇನ್ರಿ?" ಎಂದಳು.

ಅಕ್ಷರ ಬಾರದ ಆ ಹೆಂಗಸು ಕೇಳಿದ ಪ್ರಶ್ನೆಯನ್ನು ಕಂಪ್ಯೂಟರಿನ ಕೋರ್ಸು ಮುಗಿಸಿದವರು ಕೂಡ ನನಗೆ ಕೇಳಿರಲಿಲ್ಲ. ಬರುತ್ತಿತ್ತು. ಕ್ಯಾಮರಾದಿಂದ ಟೀವಿಗೆ ಹಾಕುವ ಕೆಂಪು, ಬಿಳಿ, ಹಳದಿ ತುದಿಯ ವಾಯರು ಅವಳ ಬೆನ್ನ ಹಿಂದಿನ ಮೊಳೆಗೇ ತೂಗುಬಿದ್ದಿತ್ತು. ಆ ಸಂಜೆಯೇ ಹುನ್ನೂರಿಗೆ ಹೋಗಿ ತೋರಿಸಿ ಊಟಕ್ಕೆ ಮನೆಗೆ ಬರಬಹುದಿತ್ತು. ಆದರೆ ಬರಿಯ ಕ್ಯಾಸೆಟ್ ತೋರಿಸಿದರೆ ಮಾಸ್ತರ ಯಾಕೆ ಬೇಕು? ಹೂರಣವಿಲ್ಲದ ಹೋಳಿಗೆ ಬಡಿಸಿದ ಹಾಗೆ ನನಗೆ ನಾಚಿಕೆ.

"ಬರಂಗಿಲ್ಲವ್ವಾ" ಎಂದೆ.

ಹದಿನೈದು ದಿನದೊಳಗೆ ಕೊಡುತ್ತೇನೆಂದು ಮಾತೂ ಕೊಟ್ಟೆ. ಅಲ್ಲಿಂದ ನನ್ನ ವೇಗದ ಹುಚ್ಚು ಶುರುವಾಯಿತು. ನನ್ನಲ್ಲಿದ್ದ ಕಂಪ್ಯೂಟರಿಗೆ ಒಂದು ಮದುವೆ ಮುಗಿಸಲು ಮೂರು ವಾರ ಬೇಕಾಗುತ್ತಿತ್ತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಹರಿದಾಡುತ್ತ 'ಇನ್ನು ಒಂಬತ್ತು ತಾಸು' ಎನ್ನುತ್ತಿತ್ತು. ಚಹಾ ಕುಡಿದು ಬಂದು ನೋಡಿದರೆ 'ಹನ್ನೊಂದು ತಾಸು'. ನಮ್ಮ ಜಿಲ್ಲೆಯವರಿಗೆ ಇಂಥದು ಹೊಸದೇನಲ್ಲ. ಆಣೆಕಟ್ಟಿನ ನೀರು ಯಾವ ಊರಿಗೆ ಎಂದು ಬರುತ್ತದೆ, ಮುಳುಗಡೆಯಾದವರ ಹೊಸ ಊರಿನಲ್ಲಿ ನಳ ಎಂದು ಬರುತ್ತದೆ ಎಂದು ಕೇಳಿ ಕೇಳಿ, ಉಳಿದ ಸಮಯ ಹೆಚ್ಚುತ್ತ ಹೋಗುವುದೇ ಪ್ರಗತಿ ಎಂದು ನಾವು ನಂಬಿದ್ದೆವು. ಮಧ್ಯೆ ಕರೆಂಟ್ ಹೋದರೆ ಪಟ್ಟಿ ಮತ್ತೆ ಸೊನ್ನೆಗೆ ಬಂದು ಕೂರುತ್ತಿತ್ತು.

ಆಗ ನನಗೆ ಹೈಸ್ಕೂಲಿನ ಗಣಿತ ನೆನಪಾಯಿತು. ಒಬ್ಬ ಆಳು ಒಂದು ಗೋಡೆಯನ್ನು ಹನ್ನೆರಡು ದಿನದಲ್ಲಿ ಕಟ್ಟಿದರೆ ನಾಲ್ಕು ಆಳು ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಮೂರು. ಈ ಲೆಕ್ಕದ ಆಳುಗಳನ್ನು ಗಮನಿಸಿ. ಅವರು ತಂಬಾಕು ತಿಕ್ಕುವುದಿಲ್ಲ, ಒಬ್ಬನ ಬುಟ್ಟಿಗೆ ಇನ್ನೊಬ್ಬ ಕಾಯುವುದಿಲ್ಲ, ಯಾರೂ ಅರ್ಧಕ್ಕೇ ಮದುವೆಗೆ ಹೋಗುವುದಿಲ್ಲ. ಅಂಥ ಆಳುಗಳನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಆದ್ದರಿಂದ ಕಂಪ್ಯೂಟರುಗಳೇ ಆ ಆಳುಗಳಿರಬೇಕು ಎಂದುಕೊಂಡೆ. ಇನ್ನೂ ಮೂರು ತಂದೆ: ಎರಡು ಹೊಸವು, ಒಂದು ಯಾರೋ ಬಿಟ್ಟ ಹಳೆಯದು. ಹಳೆಯದಕ್ಕೆ ಹೊಸ ರ್‍ಯಾಮು ತುಂಬಿಸಿದೆ. ನಾಲ್ಕನ್ನೂ ನೀಲಿ ವಾಯರಿನಿಂದ ಒಂದು ಡಬ್ಬಿಗೆ ಕಟ್ಟಿದೆ. ಮದುವೆಯನ್ನು ನಾಲ್ಕು ಪಾಲು ಮಾಡಿ ಒಂದೊಂದಕ್ಕೆ ಒಂದು ಪಾಲು ಹಂಚುವುದು, ಆದಮೇಲೆ ಜೋಡಿಸುವುದು.

ಬನಹಟ್ಟಿಯಲ್ಲಿ ಮಗ್ಗ ಇಟ್ಟಿದ್ದ ನನ್ನ ಹೈಸ್ಕೂಲಿನ ಗೆಳೆಯ ಈರಣ್ಣನನ್ನು ಕರೆಸಿ ಈ ವೈಭವ ತೋರಿಸಿದೆ. ಅವನು ಒಂದು ಸುತ್ತು ಹಾಕಿ ನೋಡಿ, "ಲೇ, ನಾಕ್ ಮಗ್ಗಕ್ಕ ನಾಕ್ ಸೀರಿ ಹಾಕ್ತಾರ. ಒಂದ ಸೀರಿ ನಾಕ್ ಮಗ್ಗಕ್ಕ ಹಾಕಿ ಹೊಲದ್ರ ಅದು ಸೀರಿ ಆಗಂಗಿಲ್ಲ, ಕೌದಿ ಆಕ್ಕೈತಿ" ಎಂದ. ನಾನು ನಕ್ಕೆ. ಪವರ್‌ಲೂಮಿನವನಿಗೆ ನೆಟ್‌ವರ್ಕ್ ಹೇಗೆ ತಿಳಿಯಬೇಕು?

ಈರಣ್ಣ ಮಗ್ಗದವನಾದ್ದರಿಂದ ಪೂಜೆ ಇಲ್ಲದೆ ಯಂತ್ರ ಶುರುಮಾಡಲು ಬಿಡಲಿಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿರಲಿ, ಟ್ರ್ಯಾಕ್ಟರಿರಲಿ, ಮೊದಲು ಅರಿಷಿಣ-ಕುಂಕುಮ, ಅಕ್ಕಿಕಾಳು, ಕಾಯಿ. ನಾನೂ ಭಕ್ತಿಯಿಂದ ಮಾಡಿದೆ. ಟ್ರ್ಯಾಕ್ಟರಿಗಾದರೆ ಮೂತಿಗೆ ಹಚ್ಚಬೇಕೆಂದು ಗೊತ್ತು, ಕಂಪ್ಯೂಟರಿಗೆ ಎಲ್ಲಿ? ಮೂರಕ್ಕೆ ನೆತ್ತಿಗೆ ಹಚ್ಚಿದೆ. ಹಳೆಯದರ ಸಿ.ಡಿ. ತಟ್ಟೆ ತಾನಾಗಿಯೇ ಹೊರಗೆ ಚಾಚಿಕೊಂಡಿತು. ಪ್ರಸಾದಕ್ಕೆ ಕೈಯೊಡ್ಡಿದಂತಿತ್ತು. ಅದರಲ್ಲೇ ಕುಂಕುಮ, ಅಕ್ಕಿಕಾಳು ಇಟ್ಟು ಕೈಮುಗಿದೆ. ಅದು ಪ್ರಸಾದ ಸ್ವೀಕರಿಸಿ ಒಳಗೆ ಹೋಯಿತು.

ಆಮೇಲೆ ಪಕಳೆ-ಪಾರಿವಾಳಗಳ ಸಿ.ಡಿ.ಯನ್ನು ನಾಲ್ಕಕ್ಕೂ ತುಂಬಬೇಕಿತ್ತು. ಮೂರು ತೆಗೆದುಕೊಂಡವು. ನಾಲ್ಕನೆಯದು ಕಟಕಟನೆ ಅಕ್ಕಿ ಜಗಿದು ಸಿ.ಡಿ.ಯನ್ನು ಉಗುಳಿತು. ಇರಲಿ ಎಂದುಕೊಂಡೆ. ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಇಲ್ಲದಿದ್ದರೆ ಗೋಡೆಯಾಚೆಯ ಮನೆಯಿಂದ ಇಸಿದುಕೊಳ್ಳುವುದಿಲ್ಲವೇ? ವಾಯರು ಕಟ್ಟಿದ್ದೇ ಅದಕ್ಕಲ್ಲವೇ? ಬೇಕಾದ ಪಕಳೆಯನ್ನು ಅದು ನೆರೆಯವರಿಂದ ಕೇಳಿ ತಂದುಕೊಳ್ಳುತ್ತದೆ ಎಂದು ಬಿಟ್ಟೆ. ಕಂಪ್ಯೂಟರುಗಳು ನಮ್ಮ ಓಣಿಯ ಹೆಂಗಸರಷ್ಟು ಒಳ್ಳೆಯವಲ್ಲ ಎಂದು ನನಗೆ ತಿಳಿದಿರಲಿಲ್ಲ.

ವೇಗದ ಕಥೆ ಹೇಳುತ್ತೇನೆ ಕೇಳಿ. ನಾಲ್ಕೂ ಒಂದೇ ಡಿಸ್ಕಿನಿಂದ ಚಿತ್ರ ಎಳೆಯಬೇಕಿತ್ತು. ಒಂದೇ ಬಾವಿಗೆ ನಾಲ್ಕು ಮೋಟರು ಕೂರಿಸಿದರೆ ನೀರು ಹೆಚ್ಚುವುದಿಲ್ಲವಲ್ಲ, ಹಾಗೆ ಅವು ಗುರ್ ಎಂದದ್ದೇ ಹೆಚ್ಚು. ಹೊಸ ಎರಡು ತೆವಳುತ್ತಿದ್ದವು. ಆದರೆ ಆ ಹಳೆಯದು ಮಾತ್ರ ಒಂದೇ ಮಧ್ಯಾಹ್ನದಲ್ಲಿ ತನ್ನ ಪಾಲು ಮುಗಿಸಿ ಕೂತಿತು. ನನಗೆ ಆನಂದ ತಡೆಯಲಾಗಲಿಲ್ಲ. ಇದು ರ್‍ಯಾಮಿನ ಮಹಿಮೆ ಎಂದು ಅಂಗಡಿಗೆ ಬಂದವರಿಗೆಲ್ಲ ಭಾಷಣ ಮಾಡಿದೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಲು ಪಾಳಿ ಕಾಯುತ್ತಿದ್ದ ಒಬ್ಬ ರೈತ ತನ್ನ ಟ್ರ್ಯಾಕ್ಟರಿಗೂ ರ್‍ಯಾಮು ಹಾಕಲು ಬರುತ್ತದೆಯೇ ಎಂದು ಕೇಳಿದ. ಉಳಿದ ಮೂರು ಮುಗಿಯುವಷ್ಟರಲ್ಲಿ ಹದಿನಾಲ್ಕು ದಿನವಾಗಿತ್ತು. ಜೋಡಿಸಿ, ಪೂರ್ತಿ ನೋಡಲು ಪುರುಸೊತ್ತಿಲ್ಲದೆ, ಸಿ.ಡಿ. ಹಿಡಿದುಕೊಂಡು ಹುನ್ನೂರಿಗೆ ಓಡಿದೆ. ಮರುದಿನ ಅವರು ಮಿರಜಕ್ಕೆ ಹೊರಡುವವರಿದ್ದರು.

ಬೀರಪ್ಪ ಟೀವಿಯ ಮುಂದೆ ಮೊಳದ ದೂರದಲ್ಲಿ ಕಂಬಳಿ ಹಾಸಿ ಕೂತಿದ್ದ. ಹಿಂದೆ ಓಣಿಯವರು. ವಿಡಿಯೋ ಶುರುವಾಯಿತು. ಪಾರಿವಾಳ ಹಾರಿತು. ಪಕಳೆ ಉದುರಿತು. ಮದುಮಗಳು ಹದಿನಾರು ತುಂಡಾಗಿ ತಿರುಗಿ ಮತ್ತೆ ಕೂಡಿದಳು. ಬೀರಪ್ಪ ಉಳಿದ ಕಣ್ಣನ್ನು ಕಿರಿದು ಮಾಡಿ ಹುಡುಕುತ್ತಿದ್ದ.

"ಲಕ್ಕವ್ವ ಎಲ್ಲದಾಳ?" ಎಂದ.

"ಆ ಎಲಿ ಒಳಗ ನೋಡ್ರಿ" ಎಂದಳು ಸತ್ಯವ್ವ. ನಾನು ಹಾಕಿದ್ದ ಕೆಂಪು ಹೃದಯ ಅವಳಿಗೆ ವೀಳ್ಯದೆಲೆಯಾಗಿ ಕಂಡಿತ್ತು.

ಅವನು ಎಲೆಯತ್ತ ನೋಡುವಷ್ಟರಲ್ಲಿ ಎಲೆ ಮೇಲಕ್ಕೆ ಹಾರಿಹೋಯಿತು. ಅವನು ಟೀವಿಗೆ ಇನ್ನೂ ಹತ್ತಿರ ಸರಿದ. ಒಂದು ಕಣ್ಣಿನ, ಅದೂ ಮಬ್ಬಾದ ನೋಟವನ್ನು ನಾನು ಮೂರು ಯಂತ್ರಗಳನ್ನು ಎರಡು ವಾರ ದುಡಿಸಿ ಮುಚ್ಚಿಹಾಕಿದ್ದೆ. ಅದು ನನಗೆ ಹೊಳೆದದ್ದು ಆಗ, ಅವನ ಹೆಕ್ಕತ್ತು ನೋಡುತ್ತ ನಿಂತಾಗ.

ಅಷ್ಟರಲ್ಲಿ ಹಳೆಯ ಕಂಪ್ಯೂಟರಿನ ಪಾಲು ಬಂತು. ಪಕಳೆ ಇಲ್ಲ, ಪಾರಿವಾಳ ಇಲ್ಲ. ಆಗ ತಿಳಿಯಿತು: ಆ ಯಂತ್ರ ಯಾರಿಂದಲೂ ಹೆಪ್ಪು ತಂದಿರಲಿಲ್ಲ, ಅದಕ್ಕೇ ಅಷ್ಟು ಬೇಗ ಮುಗಿಸಿತ್ತು. ಬರಿಯ ಬಿಸಿಲು, ಬರಿಯ ಅಂಗಳ. ಹಿರಿಯರು ತೂರಿದ ಭಂಡಾರದ ಅರಿಷಿಣ ಹಳದಿಯಾಗಿ ಗಾಳಿಗೆ ಏಳುವುದು, ಅಕ್ಕಿಕಾಳು ಬೀಳುವುದು, ಲಕ್ಕವ್ವ ತಲೆ ಎತ್ತಿ ಸೋದರಮಾವನನ್ನು ನೋಡುವುದು. ಬೀರಪ್ಪ ಅಲುಗಾಡಲಿಲ್ಲ. ಆ ಪಾಲು ಮುಗಿದು ಮತ್ತೆ ಪಕಳೆ ಶುರುವಾದಾಗ, ಸಾಕು, ಬಂದ್ ಮಾಡ್ರಿ ಎಂದು ಕೈ ಎತ್ತಿದ. ನನ್ನತ್ತ ತಿರುಗಿ, "ಮಾಸ್ತರ್ರ, ನನ್ನ ಕಣ್ಣಿನ ಸಲುವಾಗಿ ಅಷ್ಟ ಸ್ವಚ್ಛ ಬಿಟ್ಟೀರಿ. ಭಾಳ ಉಪಕಾರ ಆತ್ರಿ" ಎಂದ.

"ಹೌದ್ರಿ" ಎಂದೆ ನಾನು.

ಆ ಕಣ್ಣು ಉಳಿಯಲಿಲ್ಲ. ನನ್ನ ಅಂಗಡಿಯೂ ಉಳಿಯಲಿಲ್ಲ, ಅದಿರಲಿ. ಎಲ್ಲರ ಕಿಸೆಯಲ್ಲೂ ಕ್ಯಾಮರಾ ಬಂದ ಮೇಲೆ ನನ್ನ ಗುಲಾಬಿಗಳಿಗೆ ಗಿರಾಕಿ ಇಲ್ಲ. ಆದರೆ ಬೀರಪ್ಪ ಸಂತೆಯಲ್ಲಿ ನನ್ನ ದನಿ ಗುರುತಿಸಿದಾಗಲೆಲ್ಲ ಪಕ್ಕದವರಿಗೆ, ಇವರು ಭಾಳ ತಿಳಿವಳಿಕೆಸ್ತರು ಎಂದು ಹೇಳುತ್ತಿದ್ದ. ಹೊಗಳಿಕೆ ಇಷ್ಟು ತುರಿಸುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲವೇನೋ. ಹೋದ ವರ್ಷ ಒಂದು ಮಧ್ಯಾಹ್ನ ಹುನ್ನೂರಿಗೆ ಹೋಗಿ, ಅವನ ಕಟ್ಟೆಯ ಮೇಲೆ ಕೂತು, ಮೊಳೆಗೆ ತೂಗುಹಾಕಿದ್ದ ವಾಯರಿನಿಂದ ಅಕ್ಕಿಕಾಳಿನವರೆಗೆ ಎಲ್ಲವನ್ನೂ ಒಪ್ಪಿಸಿದೆ.

ಬೀರಪ್ಪ ಉಣ್ಣೆ ಹಿಂಜುತ್ತಲೇ ಕೇಳಿದ. ಕಡೆಗೆ, "ಹಂಗಾರ ಮೂರ ಪಾಲು ನಾ ನೋಡೇ ಇಲ್ಲ" ಎಂದ.

ಇಲ್ಲ ಎಂದೆ. ಮೂಲ ಕ್ಯಾಸೆಟ್ಟೂ ಇಲ್ಲವೆಂದು ಹೇಳಬೇಕಾಯಿತು. ಅದರ ಮೇಲೆ ಆ ತಿಂಗಳೇ ಬೇರೊಬ್ಬರ ಮದುವೆ ತುಂಬಿದ್ದೆ. ಆಗ ನಾವೆಲ್ಲ ಹಾಗೇ ಮಾಡುತ್ತಿದ್ದೆವು.

"ಕ್ಯಾಸೆಟ್ ಹೋದ್ರ ಹೋತು, ನೀವ ಇದ್ರಲ್ಲ ಅಲ್ಲೆ. ಹೇಳ್ರಿ."

ನಾನು ಗಂಟಲು ಸರಿಮಾಡಿಕೊಂಡು, ನಿಮ್ಮ ಮಗಳು ಸಾಕ್ಷಾತ್ ಲಕ್ಷ್ಮಿಯ ಹಾಗೆ ಎಂದು ಶುರುಮಾಡಿದೆ. ಅವನು ಕೈ ಅಡ್ಡ ಮಾಡಿದ. "ಕಂಡದ್ದಷ್ಟ ಹೇಳ್ರಿ."

ಕಂಡದ್ದು ಏನು? ಕಣ್ಣು ಮುಚ್ಚಿ ಹುಡುಕಿದೆ. ಉಡಿ ತುಂಬಿದ ಮೇಲೆ ಹೆಂಗಸರು ಅತ್ತ ತಿರುಗಿದಾಗ, ಲಕ್ಕವ್ವ ತನ್ನ ಉಡಿಯೊಳಗೇ ಕೈ ಹಾಕಿ ಒಂದು ಉತ್ತತ್ತಿ ತೆಗೆದು ಬಾಯಿಗೆ ಹಾಕಿಕೊಂಡಿದ್ದಳು. ಮುಂಜಾನೆಯಿಂದ ಉಪವಾಸವಿದ್ದವಳು. ಫೋಟೋದವರು ಕರೆದಾಗ ಅದನ್ನು ನುಂಗಲಾರದೆ ಉಗುಳಲಾರದೆ, ಒಂದು ಗಲ್ಲ ಉಬ್ಬಿಸಿಕೊಂಡೇ ಗಂಭೀರವಾಗಿ ನಿಂತಿದ್ದಳು. ಚಂದ ಕಾಣುವುದಿಲ್ಲವೆಂದು ಮಿಕ್ಸಿಂಗ್‌ನಲ್ಲಿ ನಾನು ಮೊದಲು ಕತ್ತರಿಸಿದ್ದೇ ಅದನ್ನು.

"ಯಾವ ಗಲ್ಲ?" ಎಂದ ಬೀರಪ್ಪ.

"ಎಡಗಲ್ಲರಿ."

"ಬೀಜ ಏನ ಮಾಡಿದ್ಲು?"

"ಅತ್ತಿ ಕಾಲಿಗೆ ಬೀಳೂಮುಂದ ಸೆರಗಿನ್ಯಾಗ ಉಗುಳಿ ಗಂಟ ಹಾಕ್ಕೊಂಡ್ಲ್ರಿ."

ಅವನ ಭುಜಗಳು ಅಲುಗತೊಡಗಿದವು. ಉಣ್ಣೆ ಕೆಳಗೆ ಬಿತ್ತು. ಕಣ್ಣೊರೆಸಿಕೊಳ್ಳುತ್ತ ಅಷ್ಟು ನಗುವುದನ್ನು ಕೇಳಿ ಸತ್ಯವ್ವ ಒಳಗಿನಿಂದಲೇ ಏನಾಯಿತೆಂದು ಕೂಗಿದಳು.

"ಲಕ್ಕವ್ವನ ಮದಿವಿ ನೋಡಾಕತ್ತೇನಿ" ಎಂದ ಬೀರಪ್ಪ. "ನೀನೂ ಬಾ, ಕುಂದ್ರ."

ಅವಳು ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಕೂತಳು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಮುಗಿಯುವಷ್ಟರಲ್ಲಿ ಕುರಿಗಳು ಮನೆಗೆ ಬಂದಿದ್ದವು. ತಡವಾಯಿತೆಂದು ಇಬ್ಬರೂ ಅನ್ನಲಿಲ್ಲ.